ಕೀನ್ಯಾದ ಮಿಷನ್ ಶಾಲೆಗೆ ಪಾಠ ಹೇಳಲು ಹೊರಟವರಿಗೆ: ಒಂದು ವರ್ಷದ ತಯಾರಿ, ಹಂತ ಹಂತವಾಗಿ

ಕೀನ್ಯಾದಲ್ಲಿ ಶಾಲಾ ವರ್ಷ ಶುರುವಾಗುವುದು ಜನವರಿಯಲ್ಲಿ, ಜೂನ್‌ನಲ್ಲಲ್ಲ. ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮೇ ತಿಂಗಳಲ್ಲಿ ಸಭೆಯವರಿಂದ ಬೀಳ್ಕೊಡುಗೆ ಪ್ರಾರ್ಥನೆ ಮಾಡಿಸಿಕೊಂಡು, ಜೂನ್‌ನಲ್ಲಿ ವಿಮಾನ ಹತ್ತುವವರು ಅಲ್ಲಿ ಎರಡನೇ ಅವಧಿಯ ನಟ್ಟನಡುವೆ ಇಳಿಯುತ್ತಾರೆ. ವೇಳಾಪಟ್ಟಿ ಆಗಲೇ ಹಂಚಿಕೆಯಾಗಿರುತ್ತದೆ, ಕೆಲಸದ ಪರವಾನಗಿಯೂ ಬಹುಶಃ ಬಂದಿರುವುದಿಲ್ಲ. ಬರುವ ಜನವರಿಯಲ್ಲಿ ಅಲ್ಲಿನ ತರಗತಿಯಲ್ಲಿ ನಿಲ್ಲಬೇಕೆಂದರೆ ಈ ಜನವರಿಯಲ್ಲೇ ತಯಾರಿ ಶುರುವಾಗಬೇಕು.

ದೇವರ ಕರೆ ಇದೆಯೋ ಇಲ್ಲವೋ ಎಂಬುದು ನೀವೂ ನಿಮ್ಮ ಸಭೆಯೂ ಪ್ರಾರ್ಥಿಸಿ ತೀರ್ಮಾನಿಸುವ ಮಾತು. ಅದರಲ್ಲಿ ನಾವು ಕೈಹಾಕುವುದಿಲ್ಲ. ಇಲ್ಲಿ ಹೇಳುವುದು ಕಾಗದ, ಲಸಿಕೆ, ಭಾಷೆ, ಸೀಮೆಸುಣ್ಣದ ಸಂಗತಿ. ಕರೆ ಗಟ್ಟಿಯಾಗಿದ್ದೂ ಆರೇ ತಿಂಗಳಿಗೆ ವಾಪಸಾಗುವವರು ಹೆಚ್ಚಾಗಿ ಎಡವುವುದು ಇವುಗಳಲ್ಲೇ.

ಜನವರಿಯಿಂದ ಮಾರ್ಚ್: ಯಾವ ಶಾಲೆ, ಯಾರ ಹೊಣೆ

‘ಮಿಷನ್ ಶಾಲೆ’ ಎಂಬ ಒಂದೇ ಹೆಸರಿನಡಿ ಕೀನ್ಯಾದಲ್ಲಿ ಮೂರು ಬಗೆಯ ಶಾಲೆಗಳಿವೆ. ಮೊದಲನೆಯದು ಮಿಷನರಿಗಳ ಮಕ್ಕಳಿಗಾಗಿ ನಡೆಯುವ ವಸತಿ ಶಾಲೆ. ಕಿಜಾಬೆಯಲ್ಲಿ 1906ರಲ್ಲಿ ಶುರುವಾದ ರಿಫ್ಟ್ ವ್ಯಾಲಿ ಅಕಾಡೆಮಿ ಇದಕ್ಕೆ ಹೆಸರಾದ ಉದಾಹರಣೆ. ಅಲ್ಲಿ ನಡೆಯುವುದು ಅಮೆರಿಕನ್ ಪಠ್ಯಕ್ರಮ. ಎರಡನೆಯದು ಚರ್ಚುಗಳೇ ನಡೆಸುವ ಖಾಸಗಿ ಶಾಲೆ. ಮೂರನೆಯದು ಸರಕಾರಿ ಶಾಲೆಯೇ, ಆದರೆ ಸ್ಥಾಪಿಸಿದ ಚರ್ಚು ಅದರ ‘ಸ್ಪಾನ್ಸರ್’ ಆಗಿ ಉಳಿದಿರುತ್ತದೆ. 2013ರ ಮೂಲ ಶಿಕ್ಷಣ ಕಾಯ್ದೆ ಈ ಸ್ಪಾನ್ಸರ್ ಸ್ಥಾನವನ್ನು ಒಪ್ಪುತ್ತದೆ. ಅಲ್ಲಿ ಚರ್ಚಿಗೆ ಆಧ್ಯಾತ್ಮಿಕ ಮಾರ್ಗದರ್ಶನದ ಹಕ್ಕುಂಟು, ಶಿಕ್ಷಕರನ್ನು ನೇಮಿಸುವ ಅಧಿಕಾರ ಮಾತ್ರ ಶಿಕ್ಷಕರ ಸೇವಾ ಆಯೋಗದ್ದು. ನಮ್ಮ ಅನುದಾನಿತ ಶಾಲೆಗಳ ಗುಂಗಿನಲ್ಲಿರುವವರು ಮೂರನೇ ಬಗೆಯನ್ನು ತಪ್ಪು ತಿಳಿದು, ಅಲ್ಲಿನ ಬಿಷಪ್ ಒಂದು ಪತ್ರ ಬರೆದರೆ ಕೆಲಸ ಸಿಕ್ಕಿತು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ನಮ್ಮ ಬಿ.ಎಡ್. ಶಿಕ್ಷಕರಿಗೆ ಹೆಚ್ಚಾಗಿ ಹೊಂದುವುದು ಎರಡನೇ ಬಗೆ.

ಕಳುಹಿಸುವವರು ಯಾರೆಂಬುದೂ ಆಗಲೇ ಇತ್ಯರ್ಥವಾಗಬೇಕು: ನಿಮ್ಮ ಡಯಾಸಿಸ್, ಒಂದು ಮಿಷನ್ ಸಂಸ್ಥೆ, ಅಥವಾ ಕಥೋಲಿಕರಾದರೆ ನಿಮ್ಮ ಧರ್ಮಸಭೆ. ‘ಯಾರೂ ಬೇಡ, ನೇರ ಹೋಗುತ್ತೇನೆ’ ಎನ್ನುವುದು ಧೈರ್ಯದಂತೆ ಕಂಡರೂ, ಮಲೇರಿಯಾ ಬಂದು ಮಲಗಿದಾಗ ಫೋನ್ ಎತ್ತುವವರು ಬೇಕು. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಮೂವರು ಮಿಷನರಿಗಳ ಹಿಂದೆಯೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೊಂದು ಸಮಿತಿ ಇತ್ತು.

ಆಹ್ವಾನ ಪತ್ರ ಬಂದ ಮೇಲೆ ಈ ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ತರಿಸಿಕೊಳ್ಳಿ:

- ವಾರಕ್ಕೆ ಎಷ್ಟು ಪೀರಿಯಡ್, ಯಾವ ವಿಷಯ, ಯಾವ ತರಗತಿ?
- ಸಂಬಳವೋ, ಊಟ-ವಸತಿಯೋ, ಬರೀ ಗೌರವಧನವೋ?
- ಪರವಾನಗಿಯ ಶುಲ್ಕ ಯಾರದು? ನವೀಕರಣ ಯಾರದು?
- ಮನೆಗೆ ನೀರು, ವಿದ್ಯುತ್ ಇದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ?
- ಹಾಸ್ಟೆಲ್ ಮೇಲ್ವಿಚಾರಣೆ, ಭಾನುವಾರದ ಸೇವೆ ಕೆಲಸದೊಳಗೆ ಸೇರಿದೆಯೇ?
- ಮಧ್ಯದಲ್ಲಿ ಬಿಟ್ಟು ಬರಬೇಕಾದರೆ ವಾಪಸು ಟಿಕೆಟ್ ಯಾರದು?

ಹಾಸ್ಟೆಲಿನ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬೇಡಿ. ವಸತಿ ಶಾಲೆಯಲ್ಲಿ ಬೆಳಗಿನ ಓದಿನಿಂದ ರಾತ್ರಿಯ ಓದಿನ ತನಕ ಶಿಕ್ಷಕರ ಪಾಳಿ ಇರುತ್ತದೆ. ಪೀರಿಯಡ್ಡಿನ ಲೆಕ್ಕ ಮಾತ್ರ ನೋಡಿ ಹೋದವರು ಅಲ್ಲಿ ಬಸವಳಿಯುತ್ತಾರೆ.

ಏಪ್ರಿಲ್‌ನಿಂದ ಸೆಪ್ಟೆಂಬರ್: ಕಾಗದಪತ್ರ

ಎಲ್ಲಕ್ಕಿಂತ ಮೊದಲು ನಿಮ್ಮ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಬಿ.ಎಡ್., ಆಧಾರ್, ಪಾಸ್‌ಪೋರ್ಟ್ ಇವೈದನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಅಕ್ಷರ ಅಕ್ಷರ ಓದಿ. ನಮ್ಮ ಕಡೆಯ ರೋಗ ಇನಿಷಿಯಲ್ಲು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ‘ಡಿ.’, ಪದವಿಯಲ್ಲಿ ಹೆಸರಿನ ಮುಂದೆ ‘ಡಿ.’, ಪಾಸ್‌ಪೋರ್ಟಿನಲ್ಲಿ ಅದೇ ‘ಡಿ’ ಬಿಡಿಸಿಕೊಂಡು ‘ದೇವದಾಸ್’ ಆಗಿ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಇಲ್ಲಿ ಯಾರಿಗೂ ಅದು ವಿಚಿತ್ರವಲ್ಲ. ನೈರೋಬಿಯ ವಲಸೆ ಕಚೇರಿಯ ಗುಮಾಸ್ತರಿಗೆ ಇವರು ಇಬ್ಬರೋ ಮೂವರೋ ಬೇರೆ ಬೇರೆ ಜನ. ಇನಿಷಿಯಲ್ ವ್ಯತ್ಯಾಸವಷ್ಟೇ ಆದರೆ ಛಾಪಾಕಾಗದದ ಮೇಲೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ನೋಟರಿ ಮುಂದೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಕಾಗುಣಿತವೇ ಬೇರೆಯಾಗಿದ್ದರೆ ಮೂಲ ದಾಖಲೆಯನ್ನೇ ತಿದ್ದಿಸಿ. ಎಸ್ಸೆಸ್ಸೆಲ್ಸಿಯ ತಿದ್ದುಪಡಿ ಓದಿದ ಶಾಲೆಯ ಮೂಲಕ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಏಪ್ರಿಲ್ ಎಂದದ್ದು ಅದಕ್ಕೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಅದನ್ನೂ ಈಗಲೇ ತುಂಬಿಸಿ.

ಎರಡನೆಯದು ದೃಢೀಕರಣ. ಪದವಿ ಮತ್ತು ಬಿ.ಎಡ್. ಪತ್ರಗಳು ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ ಮುದ್ರೆ ಪಡೆಯಬೇಕು. ಸಚಿವಾಲಯದ ಮುದ್ರೆಯಲ್ಲಿ ಎರಡು ಜಾತಿ: ಪರಸ್ಪರರ ದಾಖಲೆ ಒಪ್ಪಿಕೊಳ್ಳುವ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪೊಸ್ಟಿಲ್, ಸೇರದ ದೇಶಗಳಿಗೆ ಸಾಮಾನ್ಯ ಅಟೆಸ್ಟೇಷನ್ ಮತ್ತು ಅದರ ಮೇಲೆ ಆ ದೇಶದ ದೂತಾವಾಸದ ಮುದ್ರೆ. ಏಜೆಂಟರು ಕೇಳದೆಯೇ ಅಪೊಸ್ಟಿಲ್ ಅಂಟಿಸಿ ಕೊಡುತ್ತಾರೆ, ಅದು ಅವರಿಗೆ ಸುಲಭ. ಯಾವ ಮುದ್ರೆ ಬೇಕೆಂದು ಶಾಲೆಯಿಂದ ಬರೆಸಿಕೊಂಡು, ಅರ್ಜಿ ಹಾಕುವ ದಿನ ಹೇಗ್ ಸದಸ್ಯ ದೇಶಗಳ ಪಟ್ಟಿ ನೋಡಿಯೇ ಹಣ ಕಟ್ಟಿ. ಮೂಲ ಪತ್ರಗಳನ್ನು ಕೊಡುವ ಮುನ್ನ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟಿರಿ. ಮತ್ತೊಂದು ಮಾತು: ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರಕ್ಕೆ ಮುದ್ರೆ ಒತ್ತಲು ಬರುವುದಿಲ್ಲ. ‘ಭದ್ರವಾಗಿರಲಿ’ ಎಂದು ಅಪ್ಪ ಲ್ಯಾಮಿನೇಟ್ ಮಾಡಿಸಿಟ್ಟ ಪದವಿ ಪತ್ರಕ್ಕೆ ವಿಶ್ವವಿದ್ಯಾಲಯದಿಂದ ನಕಲು ಪತ್ರ ತರಿಸಬೇಕಾದೀತು.

ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ; ಶುಲ್ಕ 500 ರೂಪಾಯಿ. ಇದನ್ನು ತೀರಾ ಮುಂಚೆ ಮಾಡಿಸಬೇಡಿ. ಆರು ತಿಂಗಳಿಗಿಂತ ಹಳೆಯದಾದರೆ ಹೊಸದು ಕೇಳುತ್ತಾರೆ. ಪರವಾನಗಿ ಅರ್ಜಿಗೆ ಒಂದು ತಿಂಗಳ ಮುಂಚೆ ಸರಿಯಾದ ಹೊತ್ತು.

ಈಗ ಪರವಾನಗಿ. ಕೀನ್ಯಾದಲ್ಲಿ ಕೆಲಸದ ಪರವಾನಗಿಗೆ ಅಕ್ಷರವಾರು ದರ್ಜೆಗಳಿವೆ. ಉದ್ಯೋಗಕ್ಕೆ ‘ಡಿ’, ಅನುಮೋದಿತ ಧಾರ್ಮಿಕ ಅಥವಾ ಧರ್ಮಾರ್ಥ ಕೆಲಸಕ್ಕೆ ‘ಐ’. ಮಿಷನ್ ಸಂಸ್ಥೆಯ ಮೂಲಕ ಹೋಗುವವರಿಗೆ ಸಾಮಾನ್ಯವಾಗಿ ‘ಐ’, ಶಾಲೆಯೇ ಸಂಬಳ ಕೊಟ್ಟು ನೇಮಿಸಿಕೊಂಡರೆ ‘ಡಿ’. ಅರ್ಜಿ ಹಾಕಬೇಕಾದವರು ಅಲ್ಲಿ ನೋಂದಾಯಿತರಾದ, ನಿಮ್ಮನ್ನು ಕರೆದ ಸಂಸ್ಥೆಯವರು. ನೀವು ಪಾಸ್‌ಪೋರ್ಟ್ ಪ್ರತಿ, ಫೋಟೊ, ವಿದ್ಯಾರ್ಹತೆ, ಪೊಲೀಸ್ ಪ್ರಮಾಣಪತ್ರ ಕಳಿಸಿಕೊಡಬೇಕು. ತೀರ್ಮಾನವಾಗಲು ತಿಂಗಳುಗಳು ಬೇಕು, ಹಾಗಾಗಿ ಜುಲೈ ದಾಟಿಸಬೇಡಿ.

ತಪ್ಪು ನಡೆಯುವುದು ಇಲ್ಲೇ. 2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದು ಇಟಿಎ ಎಂಬ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ ತಂದಿತು. ಮನೆಯಲ್ಲೇ ಕೂತು ಅರ್ಜಿ ಹಾಕಬಹುದು, ಬೇಗ ಸಿಗುತ್ತದೆ. ‘ಸದ್ಯಕ್ಕೆ ಇದರಲ್ಲಿ ಬಂದುಬಿಡಿ, ಪರವಾನಗಿ ಇಲ್ಲಿ ನೋಡೋಣ’ ಎಂದು ಅಲ್ಲಿನವರೇ ಒಳ್ಳೆಯ ಮನಸ್ಸಿನಿಂದ ಹೇಳುತ್ತಾರೆ. ಒಪ್ಪಬೇಡಿ. ಸಂದರ್ಶಕರಾಗಿ ಒಳಹೋದವರು ಪಾಠ ಮಾಡುವಂತಿಲ್ಲ. ಸಂಬಳ ತೆಗೆದುಕೊಳ್ಳದೆ ಮಾಡಿದರೂ ಅದು ಕೆಲಸವೇ. ಸಿಕ್ಕಿಬಿದ್ದರೆ ನಿಮ್ಮ ಜೊತೆ ಶಾಲೆಯ ಹೆಸರೂ ಹೋಗುತ್ತದೆ. ಮಂಜೂರಾತಿ ಪತ್ರ ಕೈಸೇರಿದ ಮೇಲೆಯೇ ಟಿಕೆಟ್.

ಕುಟುಂಬ ಸಮೇತ ಹೋಗುವವರು ಗಮನಿಸಿ: ಗಂಡ ಅಥವಾ ಹೆಂಡತಿಗೆ ಸಿಗುವ ಅವಲಂಬಿತರ ಪಾಸ್‌ನಲ್ಲಿ ಕೆಲಸ ಮಾಡಲು ಬರುವುದಿಲ್ಲ. ಇಬ್ಬರೂ ಶಿಕ್ಷಕರಾದರೆ ಇಬ್ಬರಿಗೂ ಪ್ರತ್ಯೇಕ ಪರವಾನಗಿ ಬೇಕು.

ಇದಿಷ್ಟು ವಲಸೆ ಇಲಾಖೆಯದು. ಪಾಠ ಹೇಳಲು ಶಿಕ್ಷಕರ ಸೇವಾ ಆಯೋಗದ ನೋಂದಣಿ ಬೇರೆ ಬೇಕು, ಖಾಸಗಿ ಶಾಲೆಯಲ್ಲೂ ಬೇಕು. ವಿದೇಶಿ ಪದವಿಗಳಿಗೆ ಅಲ್ಲಿನ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಿಂದ ಮಾನ್ಯತೆ ತರಬೇಕು. ಪ್ರೌಢ ಹಂತದ ಶಿಕ್ಷಕರಿಗೆ ಎರಡು ಬೋಧನಾ ವಿಷಯ ಕೇಳುತ್ತಾರೆ. ನಮ್ಮ ಬಿ.ಎಡ್.ನಲ್ಲಿ ಎರಡು ಬೋಧನಾ ಪದ್ಧತಿ ಇರುವುದು ಇಲ್ಲಿ ಕೈಹಿಡಿಯುತ್ತದೆ, ಆದರೆ ಅದು ಅಂಕಪಟ್ಟಿಯಲ್ಲಿ ಕಾಣುವಂತಿರಬೇಕು. ಕಾಣದಿದ್ದರೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಪತ್ರ ಮಾಡಿಸಿಕೊಳ್ಳಿ.

ಹಣ

ಖರ್ಚನ್ನು ಮೂರು ಗಂಟಾಗಿ ಕಟ್ಟಿ: ಒಮ್ಮೆ ಆಗುವುದು (ಕಾಗದ, ಲಸಿಕೆ, ಟಿಕೆಟ್), ತಿಂಗಳು ತಿಂಗಳು ಆಗುವುದು, ಮುಟ್ಟಬಾರದ್ದು. ಮೂರನೆಯದರಲ್ಲಿ ವಾಪಸು ಟಿಕೆಟ್ಟಿನ ಹಣ ಮತ್ತು ಮೂರು ತಿಂಗಳ ಖರ್ಚು ಇರಲಿ. ಅದು ಸಭೆಯ ಖಜಾಂಚಿಯ ಬಳಿ ಇದ್ದರೆ ಮುಟ್ಟುವ ಆಸೆ ಹುಟ್ಟುವುದಿಲ್ಲ.

ಬೆಂಬಲಿಗರು ಹಣ ಕೊಡುವಾಗ ಎರಡು ತೊಡಕು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಬಂದ ಉಡುಗೊರೆ ನಿಮ್ಮ ತೆರಿಗೆ ಆದಾಯಕ್ಕೆ ಸೇರುತ್ತದೆ. ಹಾಗೆಂದು ಎಲ್ಲವನ್ನೂ ಸಭೆಯ ಟ್ರಸ್ಟ್ ಖಾತೆಯ ಮೂಲಕ ತಿರುಗಿಸಲು ಹೋದರೆ, ಭಾರತದ ಧರ್ಮಾರ್ಥ ಸಂಸ್ಥೆ ಹೊರದೇಶದ ಕೆಲಸಕ್ಕೆ ಬಳಸಿದ ಹಣಕ್ಕೆ ತೆರಿಗೆ ವಿನಾಯಿತಿ ತಪ್ಪಬಹುದು. ಸಭೆಯ ಆಡಿಟರನ್ನು ಕೂರಿಸಿಕೊಂಡು ಇದನ್ನು ಮೊದಲೇ ಬಗೆಹರಿಸಿ.

ಕೆಲಸಕ್ಕೆಂದು ದೇಶ ಬಿಟ್ಟ ಮೇಲೆ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇನ್ನೊಂದು ಚಿಕ್ಕ ವಿಷಯ, ಆದರೆ ಎಲ್ಲರನ್ನೂ ಕಾಡುವಂಥದ್ದು, ಒಟಿಪಿ. ಇಲ್ಲಿನ ಸಿಮ್‌ಗೆ ಹೊರಡುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ ತೆರೆಸಿ, ಕನಿಷ್ಠ ರೀಚಾರ್ಜನ್ನು ಮನೆಯಲ್ಲೊಬ್ಬರಿಗೆ ವಹಿಸಿ. ಸಿಮ್ ಸತ್ತರೆ ಬ್ಯಾಂಕು, ಆಧಾರ್, ತೆರಿಗೆ ಎಲ್ಲದರ ಬಾಗಿಲೂ ಮುಚ್ಚುತ್ತದೆ. ಅಲ್ಲಿ ತರಕಾರಿಯಿಂದ ಬಸ್ಸಿನವರೆಗೆ ನಡೆಯುವುದು 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯಲ್ಲಿ. ಸ್ಥಳೀಯ ಸಿಮ್ ಜೊತೆಗೇ ಅದನ್ನೂ ನೋಂದಾಯಿಸಿಕೊಳ್ಳಿ, ಪಾಸ್‌ಪೋರ್ಟ್ ಒಯ್ಯಿರಿ.

ಮೇ ತಿಂಗಳಿಂದಲೇ: ಲಸಿಕೆ, ಔಷಧ

ಹೆಪಟೈಟಿಸ್ ಬಿ ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಡಿಸೆಂಬರಿನಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಟೈಫಾಯ್ಡ್, ಹೆಪಟೈಟಿಸ್ ಎ, ಧನುರ್ವಾಯುವಿನ ಬೂಸ್ಟರ್, ಹಳ್ಳಿಗಾಡಿಗೆ ಹೋಗುವವರು ರೇಬೀಸ್ ಮುಂಜಾಗ್ರತೆಯ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ.

ಹಳದಿ ಜ್ವರದ ಲಸಿಕೆ ಬಿಡುವಂತೆಯೇ ಇಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಪಟ್ಟಿಯಲ್ಲಿರುವ ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು. ಬೇರೆಡೆಯ ಚೀಟಿ ನಡೆಯದು. ಒಂದು ಬಾಟಲಿ ತೆರೆದರೆ ಹಲವರಿಗೆ ಹಾಕಿ ಮುಗಿಸಬೇಕಾದ್ದರಿಂದ ನಿಗದಿತ ದಿನಗಳಲ್ಲಿ ಮಾತ್ರ ಕೊಡುತ್ತಾರೆ, ಹೆಸರು ಬರೆಸಿಯೇ ಹೋಗಿ. ಪ್ರಮಾಣಪತ್ರ ಜಾರಿಗೆ ಬರುವುದು ಲಸಿಕೆಯಾದ 10ನೇ ದಿನದಿಂದ, ಆಮೇಲೆ ಜೀವನಪರ್ಯಂತ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ಮೊದಲೇ ವೈದ್ಯರಿಗೆ ಹೇಳಬೇಕು.

ಮಲೇರಿಯಾದ ಮಟ್ಟಿಗೆ ಕೀನ್ಯಾ ಒಂದೇ ದೇಶವಲ್ಲ. ನೈರೋಬಿ ಸುತ್ತಲಿನ ಎತ್ತರದಲ್ಲಿ ಅಪಾಯ ಕಡಿಮೆ. ವಿಕ್ಟೋರಿಯಾ ಸರೋವರದ ದಂಡೆಯಲ್ಲೂ ಕರಾವಳಿಯಲ್ಲೂ ಜಾಸ್ತಿ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ವರ್ಷಗಟ್ಟಲೆ ನುಂಗುವುದು ಎಲ್ಲರಿಗೂ ಆಗುವ ಮಾತಲ್ಲ, ನಿಮಗೇನು ಎಂಬುದನ್ನು ವೈದ್ಯರು ಹೇಳಲಿ. ಔಷಧ ಲೇಪಿಸಿದ ಸೊಳ್ಳೆಪರದೆ ಮಾತ್ರ ಯಾರಿಗೂ ತಪ್ಪದು. ಅಲ್ಲಿ ಜ್ವರ ಬಂದರೆ ಪ್ಯಾರಸಿಟಮಾಲ್ ತಿಂದು ನಾಳೆ ನೋಡೋಣ ಎನ್ನಬೇಡಿ, ಅವತ್ತೇ ರಕ್ತಪರೀಕ್ಷೆ. ಹಲ್ಲಿನ ಕೆಲಸವೆಲ್ಲ ಇಲ್ಲೇ ಮುಗಿಸಿ. ದಿನನಿತ್ಯದ ಔಷಧವಿದ್ದರೆ ಮೂರು ತಿಂಗಳಿಗಾಗುವಷ್ಟು, ಮೂಲ ಪೊಟ್ಟಣದಲ್ಲಿ, ಔಷಧದ ಮೂಲನಾಮ ಬರೆದ ಚೀಟಿಯೊಂದಿಗೆ. ದೂರದ ಊರಿನಲ್ಲಿರುವವರು ಅಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್‌ನಂಥ ವಿಮಾನ ಆಂಬುಲೆನ್ಸ್ ಸೇವೆಯ ಸದಸ್ಯತ್ವ ಮಾಡಿಸಿಕೊಳ್ಳುವುದು ಒಳ್ಳೆಯದು.

ದಿನಕ್ಕೆ ಅರ್ಧ ಗಂಟೆ: ಸ್ವಾಹಿಲಿ

‘ಅಲ್ಲಿ ಇಂಗ್ಲಿಷ್ ನಡೆಯುತ್ತದೆ’ ಎಂಬುದು ಅರ್ಧ ಸತ್ಯ. ನಾಲ್ಕನೇ ತರಗತಿಯಿಂದ ಬೋಧನೆ ಇಂಗ್ಲಿಷಿನಲ್ಲೇ; ಅದಕ್ಕಿಂತ ಕೆಳಗೆ ಆಯಾ ಊರಿನ ಭಾಷೆ. ಆದರೆ ಆಟದ ಬಯಲು, ಅಡುಗೆಮನೆ, ಪೋಷಕರ ಸಭೆ ಸ್ವಾಹಿಲಿಯವು. ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ಬೇಡ, ಹೊರಡುವ ಹೊತ್ತಿಗೆ ಮುನ್ನೂರು ಪದ ಇದ್ದರೂ ದಾರಿ ಸಾಗುತ್ತದೆ.

ಕನ್ನಡಿಗರಿಗೆ, ಅದರಲ್ಲೂ ಉತ್ತರ ಕರ್ನಾಟಕದವರಿಗೆ, ಇದು ಅಂದುಕೊಂಡಷ್ಟು ಪರಕೀಯವಲ್ಲ. ಅರಬ್ಬಿ, ಪಾರಸಿಯಿಂದ ನಮ್ಮ ಕಡೆಗೂ ಅವರ ಕಡೆಗೂ ಹರಿದ ಪದಗಳು ಬೇಕಾದಷ್ಟಿವೆ. ಅವರ ‘ಹಬಾರಿ’ ನಮ್ಮ ಖಬರು, ‘ಕಿತಾಬು’ ಕಿತಾಬು, ‘ದುಕಾ’ ದುಕಾನು, ‘ದಾವಾ’ ದವಾಖಾನೆಯ ದವಾ, ‘ವಕಾತಿ’ ವಕ್ತು. ಚಪಾತಿ ಚಪಾತಿಯೇ. ಕಷ್ಟ ಕೊಡುವುದು ಬಹುವಚನ. ನಾವು ‘ಗಳು’ ಎಂದು ಬಾಲ ಹಚ್ಚುತ್ತೇವೆ, ಅವರು ತಲೆ ಬದಲಿಸುತ್ತಾರೆ: ಒಂದು ‘ಕಿತಾಬು’, ಎರಡು ‘ವಿತಾಬು’, ಒಬ್ಬ ‘ಮ್‌ತೋತೊ’ (ಮಗು), ಇಬ್ಬರು ‘ವಾತೋತೊ’, ಶಿಕ್ಷಕ ‘ಮ್ವಾಲಿಮು’, ಶಿಕ್ಷಕರು ‘ವಾಲಿಮು’. ಹಾಗಾಗಿ ಪ್ರತಿ ನಾಮಪದವನ್ನೂ ಜೋಡಿಯಾಗಿಯೇ ಬಾಯಿಪಾಠ ಮಾಡಿ, ಒಂಟಿಯಾಗಿ ಕಲಿತರೆ ಮತ್ತೆ ಕಲಿಯಬೇಕಾಗುತ್ತದೆ.

ಹೊಸಬರು ತಪ್ಪದೆ ಮುಗ್ಗರಿಸುವುದು ಗಡಿಯಾರದಲ್ಲಿ. ಸ್ವಾಹಿಲಿಯಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಬೆಳಗಿನ ಏಳು ಗಂಟೆ ‘ಸಾ ಮೋಜಾ’, ಅಂದರೆ ಒಂದನೇ ಗಂಟೆ. ನಡುಹಗಲು ‘ಸಾ ಸೀತಾ’, ಆರು. ಪೋಷಕರ ಸಭೆ ‘ಸಾ ನಾನೆ’ಗೆ ಎಂದರೆ, ‘ನಾನೆ’ ಎಂಟು ತಾನೇ ಎಂದು ಬೆಳಗಿನ ಎಂಟಕ್ಕೆ ಹೋಗಿ ಕೂತರೆ ಜನ ಬರುವುದು ಮಧ್ಯಾಹ್ನ ಎರಡಕ್ಕೆ. ಉಪಾಯ ಸರಳ: ಗಂಟೆಯ ಮುಳ್ಳು ತೋರುವ ಅಂಕಿಯ ನೇರ ಎದುರಿಗಿರುವ ಅಂಕಿಯನ್ನು ಓದಿ. ಎರಡರ ಎದುರು ಎಂಟು, ಏಳರ ಎದುರು ಒಂದು.

ಸೆಪ್ಟೆಂಬರ್‌ನಿಂದ: ತರಗತಿಯ ತಯಾರಿ

ಪೆಟ್ಟಿಗೆಗೆ ಕೊಡುವಷ್ಟು ಗಮನವನ್ನು ಪಠ್ಯಕ್ರಮಕ್ಕೆ ಯಾರೂ ಕೊಡುವುದಿಲ್ಲ. ಕೀನ್ಯಾ ಹಳೆಯ 8-4-4 ಪದ್ಧತಿ (ಎಂಟು ವರ್ಷ ಪ್ರಾಥಮಿಕ, ನಾಲ್ಕು ಪ್ರೌಢ, ನಾಲ್ಕು ವಿಶ್ವವಿದ್ಯಾಲಯ) ಬಿಟ್ಟು ಸಾಮರ್ಥ್ಯ ಆಧಾರಿತ ಪಠ್ಯಕ್ರಮಕ್ಕೆ ಹೊರಳಿದೆ: 2-6-3-3-3, ಅಂದರೆ ಎರಡು ವರ್ಷ ಪೂರ್ವ ಪ್ರಾಥಮಿಕ, ಆರು ಪ್ರಾಥಮಿಕ, ಮೂರು ಕಿರಿಯ ಪ್ರೌಢ, ಮೂರು ಹಿರಿಯ ಪ್ರೌಢ, ಮೂರು ಕಾಲೇಜು. ಪ್ರತಿ ವಿಷಯದ ಪಠ್ಯಕ್ರಮ ವಿನ್ಯಾಸವನ್ನು ಕೀನ್ಯಾ ಪಠ್ಯಕ್ರಮ ಅಭಿವೃದ್ಧಿ ಸಂಸ್ಥೆ ಪ್ರಕಟಿಸಿದೆ. ನಿಮ್ಮ ತರಗತಿಯದನ್ನು ಇಳಿಸಿಕೊಂಡು, ಮೊದಲ ಅವಧಿಯ ಬೋಧನಾ ಯೋಜನೆಯನ್ನು ಇಲ್ಲೇ ಬರೆದು ನೋಡಿ. ಅಲ್ಲಿ ಅದಕ್ಕೆ ‘ಸ್ಕೀಮ್ ಆಫ್ ವರ್ಕ್’ ಎನ್ನುತ್ತಾರೆ. ಅಂಕಣಗಳು ಹೀಗೆ: ವಾರ, ಪಾಠ, ಘಟಕ, ಉಪಘಟಕ, ಕಲಿಕಾ ಫಲ, ಮುಖ್ಯ ಪ್ರಶ್ನೆ, ಕಲಿಕಾ ಅನುಭವ, ಸಾಮಗ್ರಿ, ಮೌಲ್ಯಮಾಪನ, ಹಿನ್ನೋಟ. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಇದನ್ನು, ಪಾಠ ಟಿಪ್ಪಣಿಯನ್ನು, ಮುಗಿಸಿದ ಪಾಠದ ದಾಖಲೆಯನ್ನು.

ಪೀರಿಯಡ್ಡಿನ ಅವಧಿ ಕೆಳ ಪ್ರಾಥಮಿಕದಲ್ಲಿ 30 ನಿಮಿಷ, ಮೇಲ್ ಪ್ರಾಥಮಿಕದಲ್ಲಿ 35, ಕಿರಿಯ ಪ್ರೌಢದಲ್ಲಿ 40. ನಿಮ್ಮ ಹಳೆಯ ಪಾಠಗಳನ್ನು ಗಡಿಯಾರ ಇಟ್ಟುಕೊಂಡು ಕತ್ತರಿಸಿ. ಪ್ರೊಜೆಕ್ಟರ್ ನಂಬಿದ ಪಾಠ ಒಂದೂ ಬೇಡ. ಕಪ್ಪುಹಲಗೆ, ಬೀನ್ಸ್ ಕಾಳು, ಬಾಟಲಿ ಮುಚ್ಚಳ, ದಾರ ಇಷ್ಟರಲ್ಲಿ ಮಾಡಬಹುದಾದ ಇಪ್ಪತ್ತು ಚಟುವಟಿಕೆ ಕೈಯಲ್ಲಿರಲಿ. ಮಾತಿನ ವೇಗವನ್ನೂ ಇಳಿಸಬೇಕು. ನಮ್ಮ ಇಂಗ್ಲಿಷಿನ ಓಟವೂ ಗಟ್ಟಿ ‘ಟ’, ‘ಡ’ಗಳೂ ಅಲ್ಲಿನ ಕಿವಿಗೆ ಹೊಸವು. ಹತ್ತು ನಿಮಿಷದ ಪಾಠ ಧ್ವನಿಮುದ್ರಿಸಿ ಅಲ್ಲಿನ ಶಿಕ್ಷಕರೊಬ್ಬರಿಗೆ ಕಳಿಸಿ, ಎಲ್ಲಿ ತಿಳಿಯಲಿಲ್ಲ ಎಂದು ಕೇಳಿ. ‘ಅರ್ಥವಾಯಿತೇ’ ಎಂದು ಮಕ್ಕಳನ್ನು ಕೇಳಿದರೆ ಅಲ್ಲೂ ಇಲ್ಲಿಯಂತೆ ಒಟ್ಟಿಗೆ ‘ಹೌದು’ ಎನ್ನುತ್ತಾರೆ. ಒಬ್ಬರಿಂದ ಬಿಡಿಸಿ ಹೇಳಿಸಿದಾಗಲೇ ನಿಜ ತಿಳಿಯುವುದು.

ಬೆತ್ತದ ಮಾತು. 2001ರಲ್ಲೇ ಕೀನ್ಯಾ ಶಾಲೆಗಳಲ್ಲಿ ದೈಹಿಕ ಶಿಕ್ಷೆ ನಿಷೇಧಿಸಿತು; 2013ರ ಕಾಯ್ದೆ ಅದನ್ನು ಅಪರಾಧವೆಂದೇ ಹೇಳುತ್ತದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯೂ ದೈಹಿಕ ಶಿಕ್ಷೆಯನ್ನು ನಿಷೇಧಿಸುತ್ತದೆ, ಎಷ್ಟು ಶಿಕ್ಷಕರ ಕೈ ಕೇಳುತ್ತದೆ ಎಂಬುದು ಬೇರೆ ಮಾತು. ಪಕ್ಕದ ತರಗತಿಯವರು ಹೊಡೆಯುತ್ತಿದ್ದರೂ ನೀವು ಕೈ ಎತ್ತಬೇಡಿ.

ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ, ಪ್ರಾರ್ಥಿಸಲಿಕ್ಕೂ ಸಹ. ಊರಿಗೆ ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಮಕ್ಕಳ ಮುಖ, ಹೆಸರು, ಕಾಯಿಲೆ, ಬಡತನದ ವಿವರ ಹಾಕಬೇಡಿ. ಹರಿದ ಅಂಗಿಯ ಮಗುವಿನ ಫೋಟೊ ಕಾಣಿಕೆ ತರಬಹುದು, ಆ ಮಗುವಿನ ತಾಯಿ ಅದನ್ನು ವಾಟ್ಸಾಪಿನಲ್ಲಿ ನೋಡಬಹುದು ಎಂಬುದೂ ನೆನಪಿರಲಿ.

ಸುವಾರ್ತೆಯ ವಿಷಯದಲ್ಲೂ ಗೆರೆ ಸ್ಪಷ್ಟವಿರಲಿ. ಧಾರ್ಮಿಕ ಶಿಕ್ಷಣ ಅಲ್ಲಿ ಪಠ್ಯ ವಿಷಯವೇ. ಕ್ರೈಸ್ತ, ಇಸ್ಲಾಂ, ಹಿಂದೂ ಮೂರಕ್ಕೂ ಪ್ರತ್ಯೇಕ ಪಠ್ಯವಿದೆ. ಕರಾವಳಿಯ ಶಾಲೆಯಲ್ಲಿ ಮುಸ್ಲಿಂ ಮಕ್ಕಳು ಇದ್ದೇ ಇರುತ್ತಾರೆ. ಗಣಿತದ ಪೀರಿಯಡ್ಡಿನಲ್ಲಿ ಗಣಿತ. ಅಂಕದ ಪೆನ್ನು ಹಿಡಿದವರು ಮಗುವಿನ ನಂಬಿಕೆಯ ಮೇಲೆ ಒತ್ತಡ ಹೇರಿದರೆ ಅದು ಸೇವೆಯಲ್ಲ.

ಪೆಟ್ಟಿಗೆ

ಬೇಳೆ, ಸಾರಿನ ಪುಡಿ ತುಂಬಿ ತೂಕ ಮುಗಿಸಬೇಡಿ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್, ಎಂಗಾರಾ ಕಡೆ ಭಾರತೀಯ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಮುದ್ದೆ ಉಂಡು ಬೆಳೆದವರಿಗೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮೊದಲ ತುತ್ತಿಗೇ ಒಗ್ಗುತ್ತದೆ. ಜೊತೆಗೆ ‘ಸುಕುಮಾ ವಿಕಿ’ ಸೊಪ್ಪಿನ ಪಲ್ಯ. ರಾಗಿಗೆ ಅಲ್ಲಿ ‘ವಿಂಬಿ’ ಎನ್ನುತ್ತಾರೆ, ಅದರ ಗಂಜಿ ‘ಊಜಿ’. ಪ್ಲಾಸ್ಟಿಕ್ ಕೈಚೀಲ ಮಾತ್ರ ಒಂದೂ ಇರಬಾರದು. 2017ರ ಆಗಸ್ಟ್ 28ರಿಂದ ನಿಷೇಧ, ದಂಡವೂ ಭಾರಿ. ಬಟ್ಟೆ ಚೀಲದಲ್ಲಿ ಕಟ್ಟಿ. ವಿದ್ಯುತ್ ಪ್ಲಗ್ ಮೂರು ಚಪ್ಪಟೆ ಕಡ್ಡಿಯದು, ಎರಡು ಅಡಾಪ್ಟರ್ ಬೇಕು. ಆಫ್ರಿಕಾ ಎಂದರೆ ಬಿಸಿಲು ಅಂದುಕೊಂಡು ಸ್ವೆಟರ್ ಬಿಟ್ಟವರು ಜುಲೈಯಲ್ಲಿ ನಡುಗುತ್ತಾರೆ: ನೈರೋಬಿ ಬೆಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿದೆ.

ಇಳಿದ ಮೇಲೆ

90 ದಿನ ಮೀರಿ ಇರುವ ಎಲ್ಲ ವಿದೇಶಿಯರೂ ನೋಂದಾಯಿಸಿಕೊಂಡು ವಿದೇಶಿಯರ ಗುರುತಿನ ಚೀಟಿ ಪಡೆಯಬೇಕು. ಬಾಯಿಮಾತಿನಲ್ಲಿ ಅದು ‘ಏಲಿಯನ್ ಕಾರ್ಡ್’. ನೈರೋಬಿಯ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ಬರೆಸಿ. ಮೊದಲ ಎರಡು ವಾರ ಪಾಠ ಮಾಡದೆ, ಬೇರೆ ಶಿಕ್ಷಕರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಮುಖ್ಯಶಿಕ್ಷಕರ ಅನುಮತಿ ಕೇಳಿ. ಮಕ್ಕಳನ್ನು ಹೇಗೆ ಕರೆಯುತ್ತಾರೆ, ತಪ್ಪು ಉತ್ತರಕ್ಕೆ ಏನೆನ್ನುತ್ತಾರೆ, ಗಂಟೆ ಹೊಡೆದ ಮೇಲೂ ಎಷ್ಟು ನಿಮಿಷಕ್ಕೆ ಪಾಠ ಶುರುವಾಗುತ್ತದೆ ಎಲ್ಲ ಅಲ್ಲಿ ಕೂತರೆ ತಿಳಿಯುತ್ತದೆ. ಮೊದಲ ಮೂರು ತಿಂಗಳು ‘ನಮ್ಮ ಬೆಂಗಳೂರಿನಲ್ಲಿ’ ಎಂದು ಯಾವ ವಾಕ್ಯವನ್ನೂ ಶುರುಮಾಡಬೇಡಿ.

ಹಳದಿ ಜ್ವರದ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಕವರಿನಲ್ಲೇ ಸಿಕ್ಕಿಸಿಡಿ, ಬೀರುವಿನಲ್ಲಿ ಬೇಡ. ರಜೆಗೆ ಊರಿಗೆ ಬರುವಾಗ ಭಾರತದ ವಿಮಾನ ನಿಲ್ದಾಣದ ಆರೋಗ್ಯ ಕೌಂಟರಿನಲ್ಲಿ ಅದನ್ನೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸ, ಹೊರಗೆ ಮನೆಯವರು ಕಾಯುತ್ತಿದ್ದರೂ.